ಲೆಕ್ಕ ಚುಕ್ತಾ ಆದ ಮೇಲೆ ಬಂದ ಹಣ ಯಾರದು?

ಸಾಲ ಮಾಡಿದವನು ಸೋತು ಕೈಚೆಲ್ಲಿದ. ಸಾಲ ಕೊಟ್ಟವರೆಲ್ಲ ಸೇರಿ, "ಆಗಲಿ, ಇಷ್ಟು ವರ್ಷ ತಿಂಗಳಿಗೆ ಇಷ್ಟು ಕಟ್ಟು, ಉಳಿದದ್ದು ಬಿಟ್ಟೆವು" ಎಂದು ರಾಜಿಗೆ ಒಪ್ಪಿದರು. ಅವನು ಹೊಟ್ಟೆ ಬಟ್ಟೆ ಕಟ್ಟಿ ಕಂತು ತೀರಿಸಿದ. ಲೆಕ್ಕ ಚುಕ್ತಾ ಆಯಿತು. ಕಾಗದಕ್ಕೆ ರುಜು ಬಿತ್ತು. ಕೆಲವು ವರ್ಷ ಕಳೆದ ಮೇಲೆ ಹಳೆಯ ಬ್ಯಾಂಕಿನಿಂದ ಒಂದು ಪತ್ರ ಬಂತು. ಅಂದು ಸಾಲದ ಜೊತೆ ನಿಮಗೆ ಕಟ್ಟಿದ ವಿಮೆ ಸರಿಯಾದುದಲ್ಲ, ಆ ಹಣವನ್ನು ಬಡ್ಡಿ ಸಮೇತ ವಾಪಸು ಕೊಡುತ್ತೇವೆ ಎಂಬುದು ಪತ್ರದ ಸಾರಾಂಶ.

ಈ ಹಣ ಯಾರದು? ಮೋಸ ಹೋದ ಗಿರಾಕಿಯದೋ? ಅಥವಾ ಅಂದು ಪೂರ್ತಿ ವಸೂಲಾಗದೆ ಉಳಿದ ಸಾಲ ಕೊಟ್ಟವರದೋ?

ಬ್ರಿಟನ್ನಿನಲ್ಲಿ ಈ ಪ್ರಶ್ನೆ ಕೋರ್ಟು ಹತ್ತಿತು. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಒಂದು ಉತ್ತರ ಹೇಳಿತು. ಸ್ಕಾಟ್ಲೆಂಡಿನಿಂದ ಬಂದ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 2018ರಲ್ಲಿ ಅದಕ್ಕೆ ತದ್ವಿರುದ್ಧವಾದ ಉತ್ತರ ಕೊಟ್ಟಿತು. ಎರಡೂ ಇಂದಿಗೂ ಓದತಕ್ಕ ತೀರ್ಪುಗಳು. ಕಂತಿನ ಮೇಲೆ ಬದುಕು ನಡೆಸುವ ಯಾರಿಗೇ ಆಗಲಿ ಇದರಲ್ಲಿ ಪಾಠವಿದೆ.

ಸಾಲದ ಬೆನ್ನಿಗೆ ಕಟ್ಟಿದ ವಿಮೆ

ಬ್ರಿಟನ್ನಿನಲ್ಲಿ ಪಿ.ಪಿ.ಐ. ಎಂಬ ಮೂರಕ್ಷರ ಕೇಳದವರು ಕಡಿಮೆ. ಸಾಲದ ಕಂತಿಗೆ ರಕ್ಷಣೆ ಕೊಡುವ ವಿಮೆ ಅದು. ಸಾಲ ತೆಗೆದುಕೊಂಡವನು ಕಾಯಿಲೆ ಬಿದ್ದರೆ, ಅಪಘಾತಕ್ಕೆ ಸಿಕ್ಕಿದರೆ, ಕೆಲಸ ಕಳೆದುಕೊಂಡರೆ ಕೆಲವು ತಿಂಗಳ ಕಂತನ್ನು ವಿಮಾ ಕಂಪನಿ ಕಟ್ಟುತ್ತದೆ. ಕೇಳಲು ಬಹಳ ಹಿತವಾದ ಮಾತು. ವಿಮೆ ಎಂಬುದು ಕೆಟ್ಟದ್ದಲ್ಲ. ಕೆಟ್ಟದ್ದು ಅದನ್ನು ಮಾರಿದ ರೀತಿ.

ಸ್ವಂತ ಅಂಗಡಿ ಇಟ್ಟುಕೊಂಡವನಿಗೆ "ಕೆಲಸ ಹೋದರೆ ಹಣ" ಎಂಬ ವಿಮೆ ಮಾರಿದರು. ಅಂಗಡಿಯವನನ್ನು ಕೆಲಸದಿಂದ ತೆಗೆಯುವವರು ಯಾರು? ಅನೇಕ ಪಾಲಿಸಿಗಳಲ್ಲಿ ಸ್ವಂತ ಉದ್ಯೋಗದವರಿಗೆ ಆ ಪರಿಹಾರ ದಕ್ಕುತ್ತಲೇ ಇರಲಿಲ್ಲ. ನಿವೃತ್ತರಿಗೂ ಮಾರಿದರು. ಮೊದಲಿನಿಂದ ಕಾಯಿಲೆ ಇದ್ದವರಿಗೂ ಮಾರಿದರು. ಆ ಕಾಯಿಲೆಗೆ ಪರಿಹಾರವಿಲ್ಲ ಎಂಬ ಮಾತು ಮಾತ್ರ ಸಣ್ಣಕ್ಷರದಲ್ಲಿ ಉಳಿಯಿತು. "ಇದು ಇದ್ದರೇನೇ ಲೋನು ಪಾಸಾಗೋದು" ಎಂದು ಹೆದರಿಸಿ ರುಜು ಹಾಕಿಸಿಕೊಂಡದ್ದೂ ಉಂಟು. ಅರ್ಜಿಯಲ್ಲಿ ಮೊದಲೇ ಗುರುತು ಹಾಕಿ, ಗಿರಾಕಿಗೆ ಹೇಳದೆಯೇ ಸೇರಿಸಿದ್ದೂ ಉಂಟು.

ಇನ್ನೊಂದು ಚಮತ್ಕಾರವಿತ್ತು. ವಿಮೆಯ ಹಣವನ್ನು ತಿಂಗಳು ತಿಂಗಳು ಕಟ್ಟಿಸಿಕೊಳ್ಳದೆ, ಇಡೀ ಮೊತ್ತವನ್ನು ಮೊದಲ ದಿನವೇ ಸಾಲಕ್ಕೆ ಸೇರಿಸಿಬಿಡುವುದು. ಲೆಕ್ಕಕ್ಕೆ ಹೇಳುವುದಾದರೆ, ಹತ್ತು ಸಾವಿರ ಪೌಂಡ್ ಸಾಲಕ್ಕೆ ಎರಡು ಸಾವಿರ ವಿಮೆ. ಕೈಗೆ ಬಂದದ್ದು ಹತ್ತು ಸಾವಿರ, ಪುಸ್ತಕದಲ್ಲಿ ಬರೆದದ್ದು ಹನ್ನೆರಡು ಸಾವಿರ. ಬಡ್ಡಿ ಓಡುವುದು ಹನ್ನೆರಡು ಸಾವಿರಕ್ಕೆ. ವಿಮೆಗೂ ಬಡ್ಡಿ!

ಈ ವಿಮೆಯಲ್ಲಿ ಯಾರ ಹೊಟ್ಟೆ ತುಂಬಿತು ಎಂಬುದಕ್ಕೆ ಒಂದು ಮೊಕದ್ದಮೆಯ ಲೆಕ್ಕ ಸಾಕು. 2006ರಲ್ಲಿ ಒಬ್ಬ ವಿಧವೆ ಉಪನ್ಯಾಸಕಿ 34,000 ಪೌಂಡ್ ಸಾಲ ಪಡೆದರು. ಹತ್ತು ವರ್ಷದ ಸಾಲ, ಐದು ವರ್ಷದ ವಿಮೆ. ವಿಮೆಯ ಹಣ 5,780 ಪೌಂಡ್. ಅದರಲ್ಲಿ ನೂರಕ್ಕೆ 71.8 ಪಾಲು ದಲ್ಲಾಳಿಗೆ ಮತ್ತು ಸಾಲ ಕೊಟ್ಟ ಕಂಪನಿಗೆ ಹೋದ ಕಮಿಷನ್. ಈ ಸಂಗತಿಯನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಇಷ್ಟು ದೊಡ್ಡ ಕಮಿಷನ್ ಮುಚ್ಚಿಟ್ಟದ್ದು ಅನ್ಯಾಯದ ವ್ಯವಹಾರ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2014ರ ನವೆಂಬರಿನಲ್ಲಿ ತೀರ್ಪಿತ್ತಿತು. ವಿಮೆಯ ಹೆಸರಿನಲ್ಲಿ ಕಟ್ಟಿದ ನೂರು ಪೌಂಡಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಧ್ಯದಲ್ಲೇ ಸೋರಿಹೋಗಿತ್ತು.

ವಾಪಸಾತಿಯ ಮಹಾಪೂರ

ಜನರ ದೂರು ಕೇಳುವ ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆ 2005ರಲ್ಲಿ ಈ ವಿಮೆಯ ಮೇಲೆ ಸರ್ಕಾರಿ ಕಚೇರಿಗೆ ದೊಡ್ಡ ದೂರು ಕೊಟ್ಟಿತು. ಅಲ್ಲಿಂದ ಒಂದೊಂದೇ ತನಿಖೆ. 2010ರಲ್ಲಿ ನಿಯಂತ್ರಣ ಸಂಸ್ಥೆ ಕಟ್ಟುನಿಟ್ಟಿನ ನಿಯಮ ತಂದಾಗ ಬ್ಯಾಂಕುಗಳ ಸಂಘ ಕೋರ್ಟಿಗೆ ಹೋಯಿತು. 2011ರ ಏಪ್ರಿಲ್‌ನಲ್ಲಿ ಸೋತಿತು. ಆಮೇಲೆ ಬೇರೆ ದಾರಿ ಇರಲಿಲ್ಲ. ಹಣ ವಾಪಸು ಕೊಡಲೇಬೇಕಾಯಿತು.

ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆಯ ಲೆಕ್ಕದಂತೆ ಮಾರಿದ ಪಾಲಿಸಿಗಳ ಸಂಖ್ಯೆ ಸುಮಾರು 6 ಕೋಟಿ 40 ಲಕ್ಷದಷ್ಟು. 2011ರ ಜನವರಿಯಿಂದ 2019ರ ಡಿಸೆಂಬರಿನವರೆಗೆ ಜನರಿಗೆ ವಾಪಸು ಹೋದ ಹಣ 3,830 ಕೋಟಿ ಪೌಂಡ್. ಕಟ್ಟಿದ ವಿಮೆಯ ಹಣ, ಅದರ ಮೇಲೆ ಕಟ್ಟಿದ ಬಡ್ಡಿ, ಇವೆರಡರ ಮೇಲೆ ಸಾಮಾನ್ಯವಾಗಿ ವರ್ಷಕ್ಕೆ ನೂರಕ್ಕೆ 8ರಂತೆ ಸರಳ ಬಡ್ಡಿ, ಇದು ವಾಪಸಾತಿಯ ಸೂತ್ರ. ಹತ್ತು ಹದಿನೈದು ವರ್ಷದ ಹಳೆಯ ಸಾಲವಾದರೆ ಮೊತ್ತ ಸಣ್ಣದಲ್ಲ.

ದೂರು ಕೊಡಲು 2019ರ ಆಗಸ್ಟ್ 29 ಕಡೆಯ ದಿನವೆಂದು ನಿಗದಿಯಾಯಿತು. ಗಡುವು ನೆನಪಿಸಲು ಹಾಲಿವುಡ್ಡಿನ ಅರ್ನಾಲ್ಡ್ ಶ್ವಾರ್ಜನೆಗರ್ ಅವರ ತಲೆಯಂತಹ ಯಂತ್ರದ ಬೊಂಬೆ ಮಾಡಿ ಟಿ.ವಿ.ಯಲ್ಲಿ ಕೂಗಿಸಿದರು. ಆ ಬಾಗಿಲು ಈಗ ಮುಚ್ಚಿದೆ.

ಆದರೆ ವಾಪಸು ಪಡೆದವರಲ್ಲಿ ಒಂದು ವರ್ಗದ ಜನರಿಗೆ ಮಾತ್ರ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಪರಿಸ್ಥಿತಿ. ಅವರು ಸಾಲದಲ್ಲಿ ಮುಳುಗಿ, ಕಾನೂನು ಪ್ರಕಾರ ರಾಜಿ ಮಾಡಿಕೊಂಡು, ಆ ರಾಜಿಯನ್ನು ಮುಗಿಸಿದವರು.

ಸೋತವನಿಗೆ ಇರುವ ದಾರಿಗಳು

ಇಂಗ್ಲೆಂಡಿನಲ್ಲಿ ಸಾಲ ತೀರಿಸಲಾಗದವನು ಪೂರ್ತಿ ದಿವಾಳಿ ಎದ್ದುಹೋಗದೆ ರಾಜಿ ಮಾಡಿಕೊಳ್ಳುವ ದಾರಿಯೊಂದಿದೆ. ಐ.ವಿ.ಎ. ಎಂದು ಅದರ ಹೆಸರು. 1986ರ ದಿವಾಳಿ ಕಾನೂನಿನಲ್ಲಿ ಬಂದದ್ದು. ಸಾಲಿಗನ ಪರವಾಗಿ ಪರವಾನಗಿ ಪಡೆದ ಲೆಕ್ಕಿಗನೋ ವಕೀಲನೋ ಒಂದು ಯೋಜನೆ ಬರೆಯುತ್ತಾನೆ. ಮತ ಹಾಕಿದ ಸಾಲ ಕೊಟ್ಟವರಲ್ಲಿ, ಹಣದ ಲೆಕ್ಕದಲ್ಲಿ, ನೂರಕ್ಕೆ 75ರಷ್ಟು ಒಪ್ಪಿದರೆ ಉಳಿದವರೂ ಅದಕ್ಕೆ ಬದ್ಧರು. ಸಾಮಾನ್ಯವಾಗಿ ಐದಾರು ವರ್ಷ ಕಂತು. ಮೇಲ್ವಿಚಾರಕ ಹಣ ಕೂಡಿಸಿ, ತನ್ನ ಫೀಸು ಹಿಡಿದುಕೊಂಡು, ಉಳಿದದ್ದನ್ನು ಹಂಚುತ್ತಾನೆ. ಕೊನೆಗೆ ಒಂದು ಪೂರ್ಣತಾ ಪತ್ರ. ಅಲ್ಲಿಗೆ ಉಳಿದ ಸಾಲ ಮನ್ನಾ.

ಸ್ಕಾಟ್ಲೆಂಡಿನ ಕಾನೂನು ಬೇರೆ. ಅಲ್ಲಿ ಟ್ರಸ್ಟ್ ಡೀಡ್ ಎಂಬ ಪದ್ಧತಿ. ಸಾಲಿಗ ತನ್ನ ಆಸ್ತಿಯನ್ನು ಒಬ್ಬ ಟ್ರಸ್ಟಿಯ ಹೆಸರಿಗೆ ಬರೆದುಕೊಡುತ್ತಾನೆ. ಟ್ರಸ್ಟಿ ಅದನ್ನು ಮಾರಿ, ಕಂತು ಕೂಡಿಸಿ, ಸಾಲ ಕೊಟ್ಟವರಿಗೆ ಹಂಚುತ್ತಾನೆ. ಹಂಚಿಕೆ ಮುಗಿದರೆ ಬಿಡುಗಡೆ.

ಎರಡೂ ಕಡೆ ಮೂಲ ತತ್ವ ಒಂದೇ. ಸಾಲಿಗನ ಆಸ್ತಿ ಕೊಟ್ಟವರ ಹಿತಕ್ಕಾಗಿ ಇನ್ನೊಬ್ಬರ ವಶದಲ್ಲಿರುತ್ತದೆ. ಮನೆ, ಕಾರು, ಠೇವಣಿ ಮಾತ್ರ ಆಸ್ತಿ ಎಂದು ತಿಳಿಯಬೇಡಿ. ಯಾರ ಮೇಲಾದರೂ ದಾವೆ ಹೂಡಿ ಹಣ ವಸೂಲು ಮಾಡುವ ಹಕ್ಕಿದ್ದರೆ ಕಾನೂನಿನ ಕಣ್ಣಿಗೆ ಅದೂ ಆಸ್ತಿಯೇ. ತಪ್ಪು ಹೇಳಿ ಮಾರಿದ ವಿಮೆಯ ಹಣ ವಾಪಸು ಕೇಳುವ ಹಕ್ಕು ಇಂಥದ್ದು. ವಿಮೆ ಮಾರಿದ ದಿನವೇ ಆ ಹಕ್ಕು ಹುಟ್ಟಿತ್ತು. ರಾಜಿಯ ದಿನ ಅದು ಇತ್ತು. ಆದರೆ ಇದೆಯೆಂದು ಸಾಲಿಗನಿಗೂ ಗೊತ್ತಿರಲಿಲ್ಲ, ಮೇಲ್ವಿಚಾರಕನಿಗೂ ಗೊತ್ತಿರಲಿಲ್ಲ, ಕೊಟ್ಟವರಿಗೂ ಗೊತ್ತಿರಲಿಲ್ಲ. ಜಗಳದ ಬೇರು ಇಲ್ಲಿದೆ.

ಇಂಗ್ಲೆಂಡಿನ ಉತ್ತರ: ಕೊಟ್ಟವರಿಗೆ

ಇಂಗ್ಲೆಂಡಿನ ಮೊಕದ್ದಮೆಯಲ್ಲಿ ಸಾಲಿಗ ತನ್ನ ಕಂತುಗಳನ್ನು ತೀರಿಸಿ ಪೂರ್ಣತಾ ಪತ್ರ ಪಡೆದಿದ್ದ. ಆಮೇಲೆ ಪಿ.ಪಿ.ಐ. ಹಣ ಬಂತು. ಮೇಲ್ವಿಚಾರಕ "ಇದು ಕೊಟ್ಟವರ ಪಾಲು" ಎಂದ. ಸಾಲಿಗ "ನನ್ನ ಲೆಕ್ಕ ಮುಗಿದಿದೆ, ಪತ್ರವೂ ಕೈಯಲ್ಲಿದೆ" ಎಂದ.

2017ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯ ಮೇಲ್ವಿಚಾರಕನ ಮಾತನ್ನು ಎತ್ತಿಹಿಡಿಯಿತು. ಪೂರ್ಣತಾ ಪತ್ರದಿಂದ ಸಾಲಿಗನಿಗೆ ಸಾಲದಿಂದ ಬಿಡುಗಡೆ ಸಿಕ್ಕಿತು, ನಿಜ. ಯಾರೂ ಅವನನ್ನು ಮತ್ತೆ ಕಂತು ಕೇಳುವಂತಿಲ್ಲ. ಆದರೆ ಆಸ್ತಿಯ ಮೇಲಿನ ಟ್ರಸ್ಟು ಆ ಪತ್ರದಿಂದಲೇ ಮುಗಿಯಿತು ಎಂದು ಆ ಒಪ್ಪಂದದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ವಾಪಸಾತಿಯ ಹಕ್ಕು ರಾಜಿಯ ಕಾಲದ ಆಸ್ತಿ. ಅದು ಟ್ರಸ್ಟಿನೊಳಗೆ ಇತ್ತು, ಈಗಲೂ ಇದೆ. ಆದ್ದರಿಂದ ಹಣ ಕೊಟ್ಟವರಿಗೆ ಸೇರತಕ್ಕದ್ದು. ಇದು ತೀರ್ಪಿನ ಸಾರ.

ಅಂದರೆ ಸಾಲಿಗ ಬಿಡುಗಡೆಯಾದ, ಅವನ ಹಳೆಯ ಆಸ್ತಿ ಬಿಡುಗಡೆಯಾಗಲಿಲ್ಲ. ಸಾಮಾನ್ಯ ಜನರಿಗೆ ಇದು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ.

ಪೂರ್ತಿ ದಿವಾಳಿಯಾದವರ ಗತಿಯೂ ಅಲ್ಲಿ ಹೀಗೆಯೇ. ಸಾಮಾನ್ಯವಾಗಿ ಒಂದು ವರ್ಷಕ್ಕೆ ದಿವಾಳಿಯಿಂದ ಬಿಡುಗಡೆ ಸಿಗುತ್ತದೆ. ಆದರೆ ದಿವಾಳಿಗೆ ಮುಂಚಿನ ವಿಮೆಯ ವಾಪಸಾತಿ ಹಕ್ಕು ಬಿಡುಗಡೆಯ ನಂತರವೂ ಸರ್ಕಾರಿ ರಿಸೀವರನ ಅಥವಾ ಟ್ರಸ್ಟಿಯ ಕೈಯಲ್ಲೇ ಉಳಿಯುತ್ತದೆ.

ಸ್ಕಾಟ್ಲೆಂಡಿನ ಉತ್ತರ: ಸಾಲಿಗನಿಗೆ

ಸ್ಕಾಟ್ಲೆಂಡಿನ ಮನುಷ್ಯ 2006ರಲ್ಲಿ ಟ್ರಸ್ಟ್ ಡೀಡ್ ಬರೆದುಕೊಟ್ಟವನು. ಟ್ರಸ್ಟಿ ಇದ್ದುದನ್ನೆಲ್ಲ ಕೂಡಿಸಿ 2010ರಲ್ಲಿ ಕೊನೆಯ ಹಂಚಿಕೆ ಮಾಡಿದ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೊಟ್ಟವರಿಗೆ ದಕ್ಕಿದ್ದು ರೂಪಾಯಿಗೆ ನಾಲ್ಕಾಣೆಗೂ ಕಡಿಮೆ. ಸಾಲಿಗನಿಗೆ ಬಿಡುಗಡೆಯಾಯಿತು.

2015ರಲ್ಲಿ ವಾಪಸಾತಿ ಕೊಡಿಸುವ ಕಂಪನಿಯೊಂದರ ಮೂಲಕ ಅವನಿಗೆ ಪಿ.ಪಿ.ಐ. ವಿಷಯ ಗೊತ್ತಾಯಿತು. ಬ್ಯಾಂಕು ಒಪ್ಪಿದ ಮೊತ್ತ ಐವತ್ತು ಸಾವಿರ ಪೌಂಡಿಗೂ ಹೆಚ್ಚು. ಸುದ್ದಿ ತಿಳಿದ ಹಳೆಯ ಟ್ರಸ್ಟಿ ಎದ್ದು ಬಂದ. "ಈ ಆಸ್ತಿ ಉಳಿದಿದ್ದರಿಂದ ನನ್ನ ಹಂಚಿಕೆ ಕೊನೆಯದಾಗಿರಲಿಲ್ಲ, ಟ್ರಸ್ಟು ಮುಗಿದಿಲ್ಲ, ಹಣ ಕೊಡಿ" ಎಂಬುದು ಅವನ ವಾದ.

ಸ್ಕಾಟ್ಲೆಂಡಿನ ಕೆಳ ನ್ಯಾಯಾಲಯದಲ್ಲಿ ಸೋತ, ಮೇಲ್ಮನವಿಯಲ್ಲೂ ಸೋತ. ಲಂಡನ್ನಿನ ಸುಪ್ರೀಂ ಕೋರ್ಟಿಗೆ ಹೋದ. 2018ರ ಅಕ್ಟೋಬರ್ 31ರಂದು ಅಲ್ಲಿಯೂ ಸೋತ. ತೀರ್ಪು ಬರೆದವರು ಲಾರ್ಡ್ ರೀಡ್.

ಅವರು ಹಿಡಿದದ್ದು ಒಂದೇ ಮಾತನ್ನು. ಡೀಡಿನಲ್ಲಿ "ಕೊನೆಯ ಹಂಚಿಕೆ ಆದಾಗ ಟ್ರಸ್ಟು ಮುಗಿಯುತ್ತದೆ" ಎಂದು ಬರೆದಿತ್ತು. ಕೊನೆಯ ಹಂಚಿಕೆ ಎಂದರೆ ಏನು? ಟ್ರಸ್ಟಿ ತನಗೆ ಗೊತ್ತಿದ್ದ ಆಸ್ತಿಯನ್ನೆಲ್ಲ ಹಂಚಿ "ಇದು ಕೊನೆಯದು" ಎಂದು ಹೇಳಿದರೆ ಅದೇ ಕೊನೆಯ ಹಂಚಿಕೆ. ಮುಂದೆ ಎಂದಾದರೂ ಯಾವುದಾದರೂ ಆಸ್ತಿ ಹೊರಬಿದ್ದರೆ ಅದು ಕೊನೆಯದಲ್ಲ ಎನ್ನುವುದಾದರೆ, ಟ್ರಸ್ಟು ಮುಗಿದಿದೆಯೋ ಇಲ್ಲವೋ ಎಂದು ಯಾರಿಗೂ, ಎಂದಿಗೂ ತಿಳಿಯುವುದಿಲ್ಲ. ಆದ್ದರಿಂದ 2010ರಲ್ಲೇ ಟ್ರಸ್ಟು ಮುಗಿಯಿತು. ಆ ಕ್ಷಣವೇ ಉಳಿದದ್ದೆಲ್ಲ ಸಾಲಿಗನಿಗೆ ಮರಳಿತು. ಹಣ ಅವನದೇ.

ಇಂಗ್ಲೆಂಡಿನ 2017ರ ತೀರ್ಪನ್ನು ಇದು ರದ್ದು ಮಾಡಲಿಲ್ಲ. ಅಲ್ಲಿನ ಒಪ್ಪಂದದ ಮಾತುಗಳೇ ಬೇರೆ, ಇಲ್ಲಿನ ಡೀಡಿನ ಮಾತುಗಳೇ ಬೇರೆ. ಒಂದೇ ಬಗೆಯ ವಿಮೆ, ಒಂದೇ ಬಗೆಯ ಮೋಸ, ಒಂದೇ ಬಗೆಯ ಸಂಕಟ. ಕಾಗದದಲ್ಲಿ "ಟ್ರಸ್ಟು ಯಾವಾಗ ಮುಗಿಯುತ್ತದೆ" ಎಂಬ ಒಂದು ಸಾಲು ಇದ್ದವನಿಗೆ ಹಣ ಸಿಕ್ಕಿತು, ಇಲ್ಲದವನಿಗೆ ತಪ್ಪಿತು.

ನ್ಯಾಯ ಯಾರ ಕಡೆ?

ಈ ಸುದ್ದಿಯನ್ನು ಯಾವುದೇ ಪೇಟೆಯ ಅಂಗಡಿ ಕಟ್ಟೆಯ ಮೇಲೆ ಇಟ್ಟರೆ ಎರಡು ಪಕ್ಷ ಏಳುವುದು ಖಂಡಿತ.

"ಅಲ್ರೀ, ಅವನು ಪೂರ್ತಿ ಸಾಲ ಎಲ್ಲಿ ಕಟ್ಟಿದ? ಮುಕ್ಕಾಲು ಪಾಲು ಮುಳುಗಿಸಿದ. ಈಗ ಕೈಗೆ ಐವತ್ತು ಸಾವಿರ ಬಂದಿದೆ. ಕೊಟ್ಟವರಿಗೆ ಕೊಡೋದು ಧರ್ಮ ಅಲ್ವೇ? ಉದ್ರಿ ಕೊಟ್ಟು ಕೈ ಸುಟ್ಕೊಂಡವನಿಗೆ ಗೊತ್ತು ಅದರ ನೋವು" ಎನ್ನುವುದು ಗಲ್ಲಾಪೆಟ್ಟಿಗೆಯ ಹಿಂದೆ ಕೂತವರ ಮಾತು. ಇದರಲ್ಲಿ ಹುರುಳಿದೆ. ಕೊಟ್ಟವರೆಲ್ಲ ದೊಡ್ಡ ಬ್ಯಾಂಕುಗಳೇ ಆಗಿರಬೇಕಿಲ್ಲ. ಸಾಮಾನು ಕೊಟ್ಟ ಸಣ್ಣ ವ್ಯಾಪಾರಿಯೂ ಆ ಪಟ್ಟಿಯಲ್ಲಿ ಇರಬಹುದು. ರಾಜಿಯ ದಿನವೇ ಈ ಹಣ ಸಿಕ್ಕಿದ್ದರೆ ಅವನಿಗೂ ಪಾಲು ಬರುತ್ತಿತ್ತು.

"ಹಾಗಂದ್ರೆ ಹೇಗೆ ಸ್ವಾಮಿ? ಆ ಸುಳ್ಳು ವಿಮೆಯ ಭಾರವೂ ಸೇರಿಯೇ ತಾನೇ ಅವನು ಮುಳುಗಿದ್ದು? ಮೋಸ ಮಾಡಿದ ಬ್ಯಾಂಕೇ ಸಾಲ ಕೊಟ್ಟವರ ಪಟ್ಟಿಯಲ್ಲೂ ಇದ್ದರೆ, ಬಲಗೈಯಲ್ಲಿ ಕೊಟ್ಟದ್ದನ್ನು ಎಡಗೈಯಲ್ಲಿ ವಾಪಸು ತಗೊಂಡ ಹಾಗಾಗಲಿಲ್ಲವೇ?" ಎನ್ನುವುದು ಕಂತು ಕಟ್ಟಿ ಬೇಸತ್ತವರ ಮಾತು. ಇದನ್ನೂ ತಳ್ಳಿಹಾಕುವಂತಿಲ್ಲ. ಅದೇ ಬ್ಯಾಂಕಿನ ಬಾಕಿ ಉಳಿದಿದ್ದರೆ ವಾಪಸಾತಿಯ ಹಣವನ್ನು ಆ ಬಾಕಿಗೆ ವಜಾ ಹಾಕಿಕೊಂಡ ಪ್ರಸಂಗಗಳೂ ಅಲ್ಲಿ ನಡೆದವು. ಅಂಥವರ ಕೈಗೆ ಬಂದದ್ದು ಬರೀ ಕಾಗದ.

ಕೋರ್ಟು ಈ ಎರಡು ಪಕ್ಷದ ಧರ್ಮಾಧರ್ಮವನ್ನು ತಕ್ಕಡಿಯಲ್ಲಿ ತೂಗಿ ಹಣ ಹಂಚುವುದಿಲ್ಲ ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ. ಅದು ಕಾಗದ ಓದುತ್ತದೆ. ಕಾಗದ ಏನು ಹೇಳುತ್ತದೋ ಅದೇ ಕೊನೆ. ಕಂತು ಸರಿಯಾಗಿ ಕಟ್ಟಿದ ಎಂಬ ಒಳ್ಳೆಯತನಕ್ಕೆ ಅಲ್ಲಿ ಪ್ರತ್ಯೇಕ ಅಂಕವಿಲ್ಲ.

ನಡುವೆ ನಿಂತವರ ಪಾಲು

ಇಂಥ ಹಣ ಹರಿಯುವಾಗ ನಡುವೆ ಕೈಯೊಡ್ಡಿ ನಿಲ್ಲುವವರು ಇರಲೇಬೇಕು. ವಾಪಸಾತಿ ಕೊಡಿಸುತ್ತೇವೆ ಎಂಬ ಕಂಪನಿಗಳು ಬ್ರಿಟನ್ನಿನಲ್ಲಿ ನಾಯಿಕೊಡೆಗಳಂತೆ ಎದ್ದವು. ಹೊತ್ತಿಲ್ಲದ ಹೊತ್ತಿನಲ್ಲಿ ಫೋನು. "ನಿಮಗೆ ಹಣ ಬರಬೇಕಿದೆ" ಎಂಬ ಆಸೆಯ ಮಾತು. ಬಂದ ಹಣದಲ್ಲಿ ಮೂರನೆಯ ಒಂದು ಪಾಲಿನಷ್ಟು ತೆಗೆದುಕೊಂಡವರೂ ಇದ್ದರು. ಕೊನೆಗೆ 2018ರ ಜುಲೈ 10ರಿಂದ ನೂರಕ್ಕೆ 20, ಅದರ ಮೇಲೆ ತೆರಿಗೆ, ಇದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂದು ಕಾನೂನು ಕಡಿವಾಣ ಹಾಕಿತು. ನಿಜ ಹೇಳಬೇಕೆಂದರೆ ದೂರು ಕೊಡಲು ದಲ್ಲಾಳಿ ಬೇಕಾಗಿಯೇ ಇರಲಿಲ್ಲ. ಬ್ಯಾಂಕಿಗೆ ಒಂದು ಪತ್ರ ಬರೆದರೆ ಸಾಕಿತ್ತು. ಬ್ಯಾಂಕು ಒಪ್ಪದಿದ್ದರೆ ಹಣಕಾಸು ಒಂಬುಡ್ಸ್‌ಮನ್ ಬಳಿ ಖರ್ಚಿಲ್ಲದೆ ಹೋಗಬಹುದಿತ್ತು.

ಇನ್ನು ಹಣ ಸಾಲ ಕೊಟ್ಟವರ ಕಡೆಗೆ ಹರಿದರೂ ಮೇಲ್ವಿಚಾರಕನ ಫೀಸು ಮೊದಲು. ಉಳಿದದ್ದು ಹಂಚಿಕೆಗೆ. ಹೀಗಾಗಿ ಕೊಟ್ಟವರ ಪಾಲಿಗೂ ಬಂದದ್ದು ಸೋಸಿದ ಮೇಲಿನ ಹಾಲು.

ನಮ್ಮ ಊರಿನ ಮಾತು

ಆ ದೇಶದ ವಾಪಸಾತಿ ನಮ್ಮವರಿಗೆ ಸಿಗುವುದಲ್ಲ. ಅಲ್ಲಿ ದುಡಿದು ಅಲ್ಲಿ ಸಾಲ ಮಾಡಿದ ಕನ್ನಡಿಗರಿಗೆ ಮಾತ್ರ ಅದರ ಬಿಸಿ ತಟ್ಟಿರಬಹುದು. ಆದರೆ ಸಾಲದ ಬೆನ್ನಿಗೆ ವಿಮೆ ಕಟ್ಟುವ ಪದ್ಧತಿ ಇಲ್ಲಿಯೂ ಇದೆ. ಗೃಹಸಾಲಕ್ಕೆ, ವ್ಯಾಪಾರದ ಸಾಲಕ್ಕೆ ಒಂದೇ ಕಂತಿನ ವಿಮೆಯ ಹಣವನ್ನು ಸಾಲದ ಮೊತ್ತಕ್ಕೇ ಸೇರಿಸಿ ಕೊಡುವುದುಂಟು. "ಸಾರ್, ಇದೂ ಒಂದ್ ಸೈನ್ ಹಾಕ್ಬಿಡಿ" ಎಂದು ಮುಂದೆ ಸರಿಸಿದ ಹತ್ತು ಹಾಳೆಗಳ ನಡುವೆ ಅದೂ ಒಂದು. ಮನೆಗೆ ಹೋಗಿ ಓದಿದಾಗಲೇ ಎಷ್ಟು ಕಡಿತವಾಯಿತು ಎಂದು ಗೊತ್ತಾಗುವುದು.

ಇಲ್ಲಿ ಗಿರಾಕಿಗೆ ಇರುವ ಹಕ್ಕುಗಳೂ ಸಣ್ಣವಲ್ಲ. 2024ರ ನಿಯಮದಂತೆ ಜೀವ ವಿಮೆಯ ಪಾಲಿಸಿ ಕೈಸೇರಿದ 30 ದಿನದೊಳಗೆ ಬೇಡವೆಂದು ಹಿಂದಿರುಗಿಸಬಹುದು. ಕಾನೂನು ಒಪ್ಪಿದ ಸಣ್ಣ ಕಡಿತ ಹೋಗಿ ಉಳಿದ ಹಣ ವಾಪಸು. ಸುಳ್ಳು ಹೇಳಿ ಮಾರಿದ್ದರೆ ಮೊದಲು ವಿಮಾ ಕಂಪನಿಗೆ ಲಿಖಿತ ದೂರು. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಈ ಕಚೇರಿ ಬೆಂಗಳೂರಿನಲ್ಲಿದೆ. ಫೀಸಿಲ್ಲ, ವಕೀಲ ಬೇಕಿಲ್ಲ, ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ 2023ರ ತಿದ್ದುಪಡಿಯಿಂದ ಅದಕ್ಕಿದೆ.

ಸೋತವರ ವಿಷಯದಲ್ಲಿ ನಮ್ಮ ಕಾನೂನು ಏನು ಹೇಳುತ್ತದೆ? ಜನ "ಪಾಪರ್ ಚೀಟಿ" ಎನ್ನುವ ದಿವಾಳಿ ಅರ್ಜಿಗೆ ಜಿಲ್ಲೆಗಳಲ್ಲಿ ಆಧಾರ 1920ರ ಪ್ರಾಂತೀಯ ದಿವಾಳಿ ಕಾಯಿದೆ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು. ಆದರೆ ವ್ಯಕ್ತಿಗಳ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಹಳೆಯ ಕಾಯಿದೆಯ 28ನೆಯ ಕಲಮಿನಂತೆ ದಿವಾಳಿ ಎಂದು ಘೋಷಣೆಯಾದಾಗ ಇದ್ದ ಆಸ್ತಿಯಷ್ಟೇ ಅಲ್ಲ, ಘೋಷಣೆಯ ನಂತರ ಬಿಡುಗಡೆಯ ಆಜ್ಞೆಯಾಗುವವರೆಗೆ ಕೈಗೆ ಬಂದ ಆಸ್ತಿಯೂ ಕೋರ್ಟಿನ ಅಥವಾ ರಿಸೀವರನ ವಶ. ಅಂದರೆ ಇಲ್ಲಿಯೂ ಪ್ರಶ್ನೆ ಅದೇ: ಹಕ್ಕು ಹುಟ್ಟಿದ್ದು ಯಾವ ದಿನ, ಬಿಡುಗಡೆಯಾದದ್ದು ಯಾವ ದಿನ?

ಇಷ್ಟು ದೂರ ಹೋಗದೆ ಬ್ಯಾಂಕಿನ ಜೊತೆ ಒಂದೇ ಬಾರಿಯ ತೀರುವಳಿ, ಓ.ಟಿ.ಎಸ್., ಮಾಡಿಕೊಳ್ಳುವ ವ್ಯಾಪಾರಿಗಳೇ ಹೆಚ್ಚು. ಅಂಥವರು ತೀರುವಳಿ ಪತ್ರಕ್ಕೆ ರುಜು ಹಾಕುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಮೂರು. ಈ ಸಾಲದ ಜೊತೆ ಯಾವುದಾದರೂ ವಿಮೆ ಇದೆಯೇ? ಸಾಲ ಅವಧಿಗೆ ಮುಂಚೆ ಮುಗಿಯುತ್ತಿರುವಾಗ ಉಳಿದ ಅವಧಿಯ ವಿಮೆಯ ಹಣದಲ್ಲಿ ಪಾಲಿಸಿಯ ಷರತ್ತಿನಂತೆ ಎಷ್ಟು ವಾಪಸು ಬರುತ್ತದೆ? ಮುಂದೆ ಈ ಖಾತೆಯ ಮೇಲೆ ಯಾವುದೇ ಹಣ ವಾಪಸು ಬಂದರೆ ಅದು ಯಾರಿಗೆ ಸೇರುತ್ತದೆ? ಮೂರನೆಯ ಪ್ರಶ್ನೆಗೆ ಉತ್ತರ ಬಾಯಿಮಾತಿನಲ್ಲಿ ಬೇಡ, ಪತ್ರದಲ್ಲೇ ಒಂದು ಸಾಲು ಬರೆಸಿಕೊಳ್ಳಬೇಕು. ಸ್ಕಾಟ್ಲೆಂಡಿನವನಿಗೆ ಐವತ್ತು ಸಾವಿರ ಪೌಂಡ್ ಉಳಿಸಿಕೊಟ್ಟದ್ದು ಅಂಥ ಒಂದು ಸಾಲು.

ಸಾಲ ತೀರಿದ ಸಂಭ್ರಮದಲ್ಲಿ ಹಳೆಯ ಕಾಗದಗಳನ್ನು ಒಲೆಗೆ ಹಾಕುವವರಿದ್ದಾರೆ. ಕಣ್ಣೆದುರು ಇದ್ದರೆ ಕೆಟ್ಟ ಕಾಲ ನೆನಪಾಗುತ್ತದೆ ಎಂಬುದು ಅವರ ಮಾತು. ಹಾಗೆ ಮಾಡಬಾರದು. ಸಾಲದ ಒಪ್ಪಂದ, ವಿಮೆಯ ಪ್ರಮಾಣಪತ್ರ, ಕಂತಿನ ಲೆಕ್ಕ, ಬೇಬಾಕಿ ಪತ್ರ, ಇಷ್ಟನ್ನು ಒಂದು ಫೈಲಿನಲ್ಲಿ ಕಟ್ಟಿ ಅಟ್ಟದ ಮೇಲಾದರೂ ಇಟ್ಟಿರಬೇಕು. ಬ್ರಿಟನ್ನಿನಲ್ಲಿ ಹಣ ಬಂದದ್ದು ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ಹಿಂದಿನ ಸಾಲಗಳ ಮೇಲೆ. ಕಾಗದ ಇಟ್ಟುಕೊಂಡವರ ಕೆಲಸ ಬೇಗ ಆಯಿತು. ಕಳೆದುಕೊಂಡವರು ಬ್ಯಾಂಕಿನ ಮುಂದೆ ಸರದಿಯಲ್ಲಿ ನಿಂತರು.